ಮಾಳವ್ವನ ಸಿಟ್ಟಿನ ಕೋಡಿ

ಕಾಚನಹಾಳಿನ ಕೆರೆಯ ಬಡಗಣ ತುದಿಯಲ್ಲಿ, ತುಂಬಿದ ನೀರು ಹೊರಗೆ ಹರಿಯುವಲ್ಲಿ, ಆಳುದ್ದದ ಕಪ್ಪು ಚಪ್ಪಡಿಯೊಂದು ಅಡ್ಡಲಾಗಿ ಕೂತಿದೆ. ಆ ಜಾಗಕ್ಕೆ ಸಿಟ್ಟಿನ ಕೋಡಿ ಎಂದು ಹೆಸರು. ಹೊರಗಿನವರು ಕೇಳಿ ನಗುತ್ತಾರೆ. ಯಾವನೋ ಋಷಿಯ ಶಾಪವಿರಬೇಕು ಎಂದು ತಾವೇ ಕಥೆ ಕಟ್ಟಿಕೊಳ್ಳುತ್ತಾರೆ. ಋಷಿಯೂ ಇಲ್ಲ, ಶಾಪವೂ ಇಲ್ಲ. ಇಲ್ಲಿ ಸಿಟ್ಟಾದವಳು ಮಾಳವ್ವ. ಸಿಟ್ಟು ಬರಿಸಿದವರು ಈ ಊರಿನವರೇ, ಅದೂ ಅವಳಿಗೆ ಸನ್ಮಾನ ಮಾಡಲು ಹೋಗಿ!

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ ಎನ್ನುತ್ತಾರೆ, ಮಳೆಗಾಲಕ್ಕೆ ಮುಂಚೆ ಮನೆಗೊಂದಾಳು ಬುಟ್ಟಿ ಹಿಡಿದು ಬಂದು ಕೆರೆಯ ಹೂಳೆತ್ತಬೇಕೆಂಬ ಕಟ್ಟಳೆ ಇತ್ತು. ಮುಂದೆ ನಿಂತು ಅದನ್ನು ನಡೆಸುತ್ತಿದ್ದವಳು ಮಾಳವ್ವ. ಯಾರೂ ನೇಮಿಸಿದವಳಲ್ಲ, ಕೂಲಿ ಕೇಳಿದವಳಲ್ಲ. ಕೆರೆಯ ಕೆಳಗೆ ಅವಳಿಗೆ ಅಂಗೈಯಗಲ ಗದ್ದೆಯೂ ಇರಲಿಲ್ಲ. ಇದ್ದದ್ದು ಏರಿಯ ಕೆಳಗಿನ ಕೇರಿಯಲ್ಲಿ ಒಂದು ಗುಡಿಸಲು. ಏರಿ ಒಡೆದರೆ ಮೊದಲು ಕೊಚ್ಚಿಹೋಗುವುದು ಆ ಕೇರಿಯೇ. ಬಾಗಿಲು ಬಡಿದು ಜನರನ್ನು ಎಬ್ಬಿಸುವಳು, ಮೊದಲ ಬುಟ್ಟಿ ತಾನೇ ಹೊರುವಳು, ಕೆಲಸ ಮುಗಿದ ಮೇಲೆ ಕೋಡಿಯ ಚಪ್ಪಡಿಯ ಮೇಲೆ ಕೂತು ದಣಿವಾರಿಸಿಕೊಳ್ಳುವಳು. ಬರಬರುತ್ತಾ ಊರಿಗೆ ಮೈಗಳ್ಳತನ ಹತ್ತಿತು. "ಮಾಳವ್ವ ಇದ್ದಾಳಲ್ಲ, ನೋಡ್ಕೊತಾಳೆ ಬಿಡು" ಎನ್ನುವುದೇ ಬಾಯಿಪಾಠವಾಯಿತು. ಊರಗೌಡ ಪಾಲಯ್ಯನ ಮನೆಯಿಂದಂತೂ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ.

ಒಂದು ಬೇಸಿಗೆ ಮಾಳವ್ವ ಮಗಳ ಬಾಣಂತನಕ್ಕೆಂದು ಪರವೂರಿಗೆ ಹೋದಳು. ಅವಳಿಲ್ಲದೆ ಯಾರೊಬ್ಬರೂ ಬುಟ್ಟಿ ಮುಟ್ಟಲಿಲ್ಲ. ಮನಸ್ಸು ಚುಚ್ಚಿತೋ ಏನೋ, ಅವಳು ಮರಳಿದಾಗ ಏರಿಯ ಪಕ್ಕದ ಅರಳಿಮರದಡಿ ಕಲ್ಲಿನ ಪೀಠದ ಮೇಲೆ ಕೂರಿಸಿ ಸೀರೆ ಹೊದಿಸುವುದೆಂದು ಗೌಡನೂ ಊರೂ ತೀರ್ಮಾನಿಸಿದರು. ಆದರೆ ಬೆಟ್ಟದಿಂದ ಕಲ್ಲು ತರಲು ಮೈ ಬಗ್ಗಬೇಕಲ್ಲ! ಒಣಗಿ ನಿಂತಿದ್ದ ಕೋಡಿಯಲ್ಲೇ ನುಣುಪಾದ ಚಪ್ಪಡಿ ಕಣ್ಣಿಗೆ ಬಿತ್ತು. ಅದನ್ನೇ ಕಿತ್ತು, ಆ ಜಾಗಕ್ಕೆ ಒಂದಿಷ್ಟು ಮಣ್ಣು ಸುರಿದು ಕೈತೊಳೆದುಕೊಂಡರು.

ಮಾಳವ್ವ ಮರಳುವ ಹೊತ್ತಿಗೆ ಮಳೆ ಹಿಡಿದಿತ್ತು, ಹೂಳು ತೆಗೆಯದ ಕೆರೆ ಬೇಗನೆ ತುಂಬುತ್ತಿತ್ತು. ಅವಳನ್ನು ಮನೆಗೂ ಹೋಗಗೊಡದೆ ಡೊಳ್ಳು ಬಡಿಯುತ್ತಾ ಕರೆತಂದು ಪೀಠದ ಮೇಲೆ ಕೂರಿಸಿದರು. ಮುದುಕಿಗೆ ನಾಚಿಕೆಯಾಯಿತು, ಒಳಗೊಳಗೇ ಹಿಗ್ಗಿದಳು ಕೂಡ. ಯಾರಿಗೆ ಬೇಡ ಹೇಳಿ! ಸೀರೆ ಹೊದಿಸುವಾಗ ಕೈ ಊರಿದ ಕಡೆ, ಕಲ್ಲಿನ ಅಂಚಿನಲ್ಲಿ, ಬೆರಳಿಗೆ ಒಂದು ಕುಳಿ ಸಿಕ್ಕಿತು. ಕೋಡಿಯಲ್ಲಿ ಎಷ್ಟೋ ವರ್ಷ ಕೂತು ತಾನೇ ಸವರಿದ ಕುಳಿ ಅದು.

"ಎಲ್ಲಿಂದ ತಂದ್ರೋ ಇದನ್ನ?"

ಅವಳು ಎದ್ದು ಕೋಡಿಯತ್ತ ನೋಡಿದಳು. ಸುರಿದ ಮಣ್ಣು ಕರಗಿ, ನೀರು ಏರಿಯ ಮೈಯನ್ನೇ ಕೊರೆಯತೊಡಗಿತ್ತು.

"ಊಟ ಒಂದು ಮುಗೀಲಿ ಅವ್ವಾ, ಆಮೇಲೆ ಹಾಕಿಸ್ತೀನಿ" ಎಂದ ಪಾಲಯ್ಯ.

"ಊಟವಂತೆ ಊಟ! ಕೇರಿ ಮಕ್ಕಳು ಕೊಚ್ಚಿ ಹೋಗ್ಲಿ, ಅವರ ತಿಥಿ ಊಟಾನೇ ಉಣ್ಣೀರಂತೆ! ಬುಟ್ಟಿ ಹೊರೋಕೆ ಬರದ ಕೈ, ನನಗೆ ಸೀರೆ ಹೊದಿಸೋಕೆ ಬಂತಾ? ನನ್ನ ಕೂರಿಸಿಬಿಟ್ರೆ ನಿಮ್ಮ ಪಾಲಿನ ಮಣ್ಣು ತಾನೇ ಮೇಲೆ ಬರುತ್ತಾ? ಥೂ ನಿಮ್ಮ ಮುಖಕ್ಕೆ!"

ಹೊದ್ದ ಸೀರೆಯನ್ನು ಕಿತ್ತು ಗೌಡನ ಕೈಗೆ ತುರುಕಿ, "ಹಗ್ಗ ಮಾಡು, ಎಳಿ" ಎಂದಳು. ಸನ್ಮಾನದ ಸೀರೆಯನ್ನೇ ಹೊಸೆದು ಕಲ್ಲಿಗೆ ಬಿಗಿದರು. ಗೌಡನಿಂದ ಹಿಡಿದು ಡೊಳ್ಳಿನವರವರೆಗೆ ಊರಿಗೆ ಊರೇ ಎಳೆಯಿತು. ಮಾಳವ್ವ ಮೊಣಕಾಲುದ್ದ ನೀರಿನಲ್ಲಿ ನಿಂತು, ಒಂದೊಂದು ಮನೆಯ ಹೆಸರು ಹಿಡಿದು ಬೈಯುತ್ತಾ, ಕಲ್ಲನ್ನು ಅದರ ಜಾಗದಲ್ಲಿ ಕೂರಿಸಿದಳು. ಕೇರಿ ಉಳಿಯಿತು. ಅಂದು ಅವಳು ನೀರುಪಾಲಾದಳು ಎಂದು ಕೆಲವರು ಹೇಳುವುದುಂಟು. ಶುದ್ಧ ಸುಳ್ಳು! ಆಮೇಲೂ ಬಹಳ ಕಾಲ ಬದುಕಿದ್ದಳು, ಆ ಸಿಟ್ಟು ಮಾತ್ರ ಕೊನೆಯವರೆಗೂ ಇಳಿಯಲಿಲ್ಲ ಎನ್ನುತ್ತಾರೆ.

ಕಾಚನಹಾಳಿನಲ್ಲಿ ಅವಳ ಹೆಸರಿನ ಗುಡಿಯಿಲ್ಲ, ವಿಗ್ರಹವಿಲ್ಲ. ಹೂಳೆತ್ತುವ ದಿನ ಹೋದರೆ ಮಾತ್ರ ಒಂದು ನೋಟ ಕಾಣಸಿಗುತ್ತದೆ. ಕೇರಿಯ ಹಿರಿಯ ಹೆಂಗಸೊಬ್ಬಳು ಕೋಡಿಯ ಕಲ್ಲಿನ ಮೇಲೆ ನಿಂತು, ಗೌಡನ ಮನೆಯಿಂದ ಶುರುಮಾಡಿ ಇಡೀ ಊರನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ. ಎಲ್ಲರೂ ತಲೆತಗ್ಗಿಸಿ ಕೇಳಿಸಿಕೊಂಡು ಬುಟ್ಟಿ ಎತ್ತುತ್ತಾರೆ. ಮಾಳವ್ವನಿಗೆ ಊರು ಸಲ್ಲಿಸುವ ಸನ್ಮಾನ ಅಷ್ಟೇ. ನೋಡಲು ಬಂದವರು ಬದಿಯಲ್ಲಿ ನಿಂತು ಮುಸಿಮುಸಿ ನಕ್ಕರೆ, ಆಕೆ ಅತ್ತ ತಿರುಗುತ್ತಾಳೆ: "ನೀವ್ಯಾಕ್ರೀ ಕೈಕಟ್ಟಿ ನಿಂತಿದ್ದೀರಿ? ಇಳೀರಿ ಕೆಳಗೆ!"