ಲಸಿಕೆ ಫ್ರಿಜ್ಜಿಗೆ ಬಂದ ಸೋಡಾ

ಮಾರನೇ ದಿನ ಊರಿನ ಕೂಸುಗಳಿಗೆಲ್ಲ ಲಸಿಕೆ ಹಾಕಬೇಕಿತ್ತು. ಅಷ್ಟೂ ಮದ್ದು ಆಸ್ಪತ್ರೆಯ ಫ್ರಿಜ್ಜಿನಲ್ಲಿತ್ತು, ಮೇಲೆ ಮುಚ್ಚಳವಿರುವ ಪೆಟ್ಟಿಗೆಯಂಥದು. ಆ ಮಧ್ಯಾಹ್ನವೇ ಪಂಚಾಯ್ತಿ ಅಧ್ಯಕ್ಷ ರುದ್ರಮುನಿಯಪ್ಪನವರು ಆಳುಗಳಿಂದ ಎರಡು ಕ್ರೇಟು ಬಣ್ಣದ ಸೋಡಾ ಹೊರಿಸಿಕೊಂಡು ಒಳಗೆ ನುಗ್ಗಿದರು.

"ಏನಮ್ಮಾ, ಸಂಜೆ ಆರೋಗ್ಯ ಶಿಬಿರಕ್ಕೆ ಶಾಸಕರು ಬರ್ತಾರೆ. ಇವನ್ನೆಲ್ಲ ಫ್ರಿಜ್ಜಲ್ಲಿಡು. ಆಗಲ್ಲ ಅಂದ್ಯೋ, ನಾಳೆನೇ ನಿನ್ನ ವರ್ಗ ಮಾಡಿಸ್ತೀನಿ!"

ನರ್ಸಮ್ಮ ಫ್ರಿಜ್ಜಿನ ಕಡೆ ನೋಡಿದಳು. ಸುಮ್ಮಸುಮ್ಮನೆ ಮುಚ್ಚಳ ತೆಗೆದು ಮುಚ್ಚಿ ಮಾಡಿದರೆ ತಂಪು ಹೋಗಿ ಮದ್ದು ಕೆಡುತ್ತದೆ. ಬೇಡ ಅಂದರೆ ಕೆಲಸಕ್ಕೇ ಕುತ್ತು. ಕೇಳೋಣ ಅಂದರೆ ಡಾಕ್ಟರು ರಜದಲ್ಲಿದ್ದಾರೆ. ಸೆರಗಿನಿಂದ ಬೆವರು ಒರೆಸಿಕೊಂಡಳು.

"ಇಡೋಣ ಸಾರ್, ಅದಕ್ಕೇನಂತೆ," ಅಂದಳು. "ಹುಚ್ಚುನಾಯಿ ಕಡಿದವರಿಗೆ ಕೊಡೋ ಮದ್ದಿನ ಪಕ್ಕ ಒಂದಿಷ್ಟು ಜಾಗ ಇದೆ."

"ಯಾವ ಮದ್ದು?"

"ಹುಚ್ಚುನಾಯೀದು ಸಾರ್. ಸೋಡಾ ತಣ್ಣಗಿದೆಯಲ್ಲ, ಎಲ್ಲಿಟ್ಟಿದ್ರಿ ಅಂತ ಶಾಸಕರು ಕೇಳಿದ್ರೆ ನಾನು ಹೇಳಲೋ, ನೀವೇ ಹೇಳ್ತೀರೋ?"

ಅಧ್ಯಕ್ಷರು ಫ್ರಿಜ್ಜು ನೋಡಿದರು. ಸೋಡಾ ನೋಡಿದರು. ಈಗ ಬೆವರು ಒರೆಸಿಕೊಳ್ಳುವ ಸರದಿ ಅವರದಾಯಿತು.

"ಏ, ಆ ಮುಚ್ಚಳ ಮುಟ್ಟಬೇಡ! ಕ್ರೇಟು ಎತ್ರೋ!"

ಸಂಜೆ ನರ್ಸಮ್ಮ ಫ್ರಿಜ್ಜಿನ ಥರ್ಮಾಮೀಟರ್ ನೋಡಿದಳು. ಐದು ಡಿಗ್ರಿ, ಮದ್ದಿಗೆ ಬೇಕಾದಷ್ಟೇ ತಂಪು. ಹೋದ ಜೀವ ಬಂದಂತಾಗಿ ಶಿಬಿರದ ಕಡೆ ನಡೆದಳು. ಅಲ್ಲಿ ಅಧ್ಯಕ್ಷರು ಮೈಕು ಹಿಡಿದಿದ್ದರು.

"ಬಣ್ಣದ ಸೋಡಾ ಮೈಗೆ ಒಳ್ಳೇದಲ್ಲ, ಮಹಾಜನಗಳೇ! ಅದಕ್ಕೇ ನಾನು ಶಾಸಕರಿಗೂ ಮಜ್ಜಿಗೆನೇ ಮಾಡಿಸಿದ್ದೀನಿ!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನರ್ಸಮ್ಮ.