ದಿಬ್ಬ ಕಟ್ಟಿದವರು

"ಬುದ್ಧಿ, ಅಮೆರಿಕಕ್ಕೆ ಎಲ್ಲರಿಗಿಂತ ಮೊದಲು ಹೋದವರು ಯಾರು?" ಎಂದು ಗುರುಪಾದ ಮಠದ ಗುರುಗಳನ್ನು ಕೇಳಿದ.

ಅವನು ಹಿಂದಿನ ದಿನ ಹೊಯ್ಸಳರ ಕಾಲದ ಒಂದು ಗುಡಿ ನೋಡಿ ಬಂದಿದ್ದ. ಅಲ್ಲಿ ಒಂದು ಶಿಲ್ಪದ ಕೈಯಲ್ಲಿ ತೆನೆಯಂಥದ್ದು ಏನೋ ಇತ್ತು. ಅದು ಮೆಕ್ಕೆಜೋಳ ಎಂದು ಗುಡಿ ತೋರಿಸುವವನು ಹೇಳಿದ. ಮೆಕ್ಕೆಜೋಳ ಅಮೆರಿಕದ ಬೆಳೆ, ಹಾಗಾದರೆ ಕೊಲಂಬಸ್‌ಗಿಂತ ಮೊದಲೇ ನಮ್ಮವರು ಅಲ್ಲಿಗೆ ಹೋಗಿ ಬಂದಿರಬೇಕು ಎಂದೂ ಹೇಳಿದ. ಆಗಿನಿಂದ ಗುರುಪಾದನಿಗೆ ಅದೇ ಯೋಚನೆ.

"ಕೆಲವರು ಚೀನಾದವರು ಹೋಗಿದ್ದರು ಎನ್ನುತ್ತಾರೆ, ಕೆಲವರು ಆಫ್ರಿಕಾದವರು ಎನ್ನುತ್ತಾರೆ. ನಾವು ಓದಿದ ಚರಿತ್ರೆಯೇ ಸುಳ್ಳಂತೆ. ನಮ್ಮವರೇ ಮೊದಲಿಗರಾಗಿದ್ದರೆ ಎಷ್ಟು ಚೆನ್ನ, ಅಲ್ಲವೇ ಬುದ್ಧಿ?"

ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಮೊರವನ್ನು ಅವನ ಕಡೆಗೂ ಸ್ವಲ್ಪ ಸರಿಸಿ, "ಸುಲಿಯುತ್ತ ಕೇಳು" ಎಂದು ಒಂದು ಕತೆ ಹೇಳಿದರು.

ಅಮೆರಿಕದಲ್ಲಿ ಒಂದು ದೊಡ್ಡ ನದಿ. ಅದರ ದಂಡೆಗೆ ಒಬ್ಬ ರೈತ ಹೆಂಡತಿಯೊಡನೆ ಬಂದು ನೆಲೆಸಿದ. ಅವನ ಹಿರಿಯರು ಕಡಲಾಚೆಯಿಂದ ಬಂದವರು. ಅವನು ಹುಟ್ಟಿದ್ದು ಪೂರ್ವದ ಕರಾವಳಿಯಲ್ಲಿ. ಅಲ್ಲಿ ಅವರಿಗೆ ಒಬ್ಬ ಮಗಳಿದ್ದಳು. ಜ್ವರ ಬಂದು ತೀರಿಕೊಂಡಳು. ಮಗುವನ್ನು ಮಣ್ಣು ಮಾಡಿದ ಊರಿನಲ್ಲಿ ಇರಲಾಗದೆ ಅವರು ಗಾಡಿ ಕಟ್ಟಿದರು. ಹೊರಡುವಾಗ ಹೆಂಡತಿ ನೆರೆಮನೆಯವಳ ಕೈ ಹಿಡಿದು, ಗೋರಿಯ ಮೇಲೆ ಹುಲ್ಲು ಬೆಳೆಯದಂತೆ ನೋಡಿಕೊ ಎಂದು ಬೇಡಿಕೊಂಡಳು.

ಹೊಸ ಜಾಗದ ಮಣ್ಣು ಕಪ್ಪಗಿತ್ತು. ಹಾಕಿದ್ದೆಲ್ಲ ಬೆಳೆಯಿತು. ಹೊಲದ ನಡುವೆ ಮಾತ್ರ ಒಂದು ದೊಡ್ಡ ಮಣ್ಣಿನ ದಿಬ್ಬವಿತ್ತು. ಅದು ತಾನಾಗಿ ಆದದ್ದಲ್ಲ, ಮನುಷ್ಯರು ಬುಟ್ಟಿಯಲ್ಲಿ ಮಣ್ಣು ಹೊತ್ತು ಸುರಿದು ಕಟ್ಟಿದ್ದು ಎಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಅದರ ಮೇಲೆ ಹಳೆಯ ಮರಗಳು ಬೆಳೆದಿದ್ದವು. ಅಂಚಿನಲ್ಲಿ ನೇಗಿಲು ಹೂಡಿದಾಗ ಮಡಕೆಯ ಚೂರುಗಳು ಮೇಲೆ ಬರುತ್ತಿದ್ದವು.

ರೈತ ಆ ಚೂರುಗಳನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ. ಅವನಿಗೆ ಒಂದು ವಿಷಯ ಗೊತ್ತಿತ್ತು. ಅವನು ಬರುವುದಕ್ಕೆ ಸ್ವಲ್ಪ ಮೊದಲು ಆ ದಂಡೆಯಲ್ಲಿ ಬೇರೆ ಜನ ಇದ್ದರು. ಸೈನಿಕರು ಬಂದು ಅವರನ್ನು ಪಶ್ಚಿಮಕ್ಕೆ ಕಳಿಸಿದರು. ಆಮೇಲೆ ಸರ್ಕಾರ ನೆಲವನ್ನು ಅಳೆದು ಮಾರಿತು. ಅವನು ಕೊಂಡ. ಅದರಲ್ಲಿ ತಪ್ಪೇನಿದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಆದರೂ ಚೂರು ಕೈಗೆ ಬಂದಾಗಲೆಲ್ಲ ಮನಸ್ಸು ಇರಿಸುಮುರಿಸಾಗುತ್ತಿತ್ತು.

ದಿಬ್ಬದ ಸುದ್ದಿ ಪೇಟೆಗೆ ಹೋಯಿತು. ಒಬ್ಬ ಪಾದ್ರಿ ನೋಡಲು ಬಂದ. ಇದನ್ನು ಕಟ್ಟಿದವರು ನಮ್ಮ ಧರ್ಮಗ್ರಂಥದಲ್ಲಿ ಬರುವ, ಕಳೆದುಹೋದ ಒಂದು ಕುಲದವರು ಎಂದ. ಆಮೇಲೆ ಹಡಗಿನ ವ್ಯಾಪಾರಿಯೊಬ್ಬ ಬಂದ. ಅಲ್ಲ, ಪುರಾತನ ಕಾಲದಲ್ಲಿ ನಮ್ಮ ಹಿರಿಯರ ನಾಡಿನ ಕಡೆಯಿಂದ ಕಡಲು ದಾಟಿ ಬಂದ ನಾವಿಕರು ಕಟ್ಟಿದ್ದು ಎಂದ. ಶಾಲೆಯ ಮೇಷ್ಟ್ರು ಇಬ್ಬರನ್ನೂ ಒಪ್ಪಲಿಲ್ಲ. ಇಲ್ಲಿ ಎತ್ತರದ ಬೇರೆಯೇ ಜನರಿದ್ದರು, ಗುರುತಿಲ್ಲದಂತೆ ಅಳಿದುಹೋದರು ಎಂದ. ಮೂವರೂ ರೈತನ ಮನೆಯ ಅಂಗಳದಲ್ಲಿ ಕುಳಿತು ಸಂಜೆಯವರೆಗೆ ವಾದ ಮಾಡುತ್ತಿದ್ದರು. ಒಂದು ಮಾತಿನಲ್ಲಿ ಮಾತ್ರ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಇಲ್ಲಿಂದ ಹೊರಟುಹೋದ ಆ ಜನ ಇದನ್ನು ಕಟ್ಟಿರಲಾರರು ಎಂಬುದು ಆ ಮಾತು.

ರೈತನಿಗೆ ಯಾರ ವಾದ ಸರಿ ಎಂದು ತಿಳಿಯಲಿಲ್ಲ. ಆದರೆ ಮೂವರ ಮಾತೂ ಅವನಿಗೆ ಹಿತವಾಯಿತು. ದಿಬ್ಬ ಕಳೆದುಹೋದವರದಾದರೆ, ಅಳಿದುಹೋದವರದಾದರೆ, ನೆಲ ಕೇಳಿಕೊಂಡು ಬಾಗಿಲಿಗೆ ಬರುವವರು ಯಾರೂ ಇಲ್ಲ. ಅವನು ನೆಮ್ಮದಿಯಾಗಿ ನಿದ್ದೆ ಮಾಡತೊಡಗಿದ.

ಒಂದು ಬೇಸಿಗೆಯಲ್ಲಿ ದೂರದ ನಗರದಿಂದ ಒಬ್ಬ ಪಂಡಿತ ಬಂದ. ಸಜ್ಜನ. ಚೂರುಗಳನ್ನು ಒರೆಸಿ, ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿ ನೋಡಿದ. ದಿಬ್ಬವನ್ನು ಅಗೆದು ನೋಡೋಣ, ಒಳಗೆ ಬರಹವಿರುವ ಕಲ್ಲು ಸಿಕ್ಕರೆ ಎಲ್ಲರ ವಾದವೂ ಮುಗಿಯುತ್ತದೆ ಎಂದ. ತಾನು ಬರೆಯುವ ಪುಸ್ತಕದಲ್ಲಿ ರೈತನ ಹೆಸರನ್ನೂ ಹಾಕುತ್ತೇನೆ ಎಂದ. ರೈತ ಹಿಗ್ಗಿದ. ಕೊಯ್ಲು ಮುಗಿದ ಮೇಲೆ ಆಳುಗಳನ್ನು ಕರೆದುಕೊಂಡು ಬನ್ನಿ ಎಂದು ಒಪ್ಪಿಕೊಂಡ.

ಕೊಯ್ಲು ಮುಗಿಯಿತು. ಒಂದು ಬೆಳಿಗ್ಗೆ ದಿಬ್ಬದ ಬುಡದಲ್ಲಿ ಹೊಗೆ ಕಾಣಿಸಿತು. ರೈತ ಬಂದೂಕು ತೆಗೆದುಕೊಂಡು ಹೋದ. ಅಲ್ಲಿ ಒಬ್ಬ ಮುದುಕ ಮರಕ್ಕೆ ಒರಗಿ ಕುಳಿತಿದ್ದ. ಅವನ ಮಗಳು ಒಲೆ ಹೂಡಿ ಏನನ್ನೋ ಬೇಯಿಸುತ್ತಿದ್ದಳು. ನದಿಯಲ್ಲಿ ಅವರ ದೋಣಿ ಇತ್ತು. ಹೊರಟುಹೋದ ಜನರಲ್ಲಿ ಅವರೂ ಇದ್ದರು ಎಂದು ನೋಡಿದ ಕೂಡಲೇ ರೈತನಿಗೆ ಗೊತ್ತಾಯಿತು. ಮುದುಕನಿಗೆ ರೈತನ ಭಾಷೆ ಬರುತ್ತಿತ್ತು.

"ಇಲ್ಲಿ ನಿನಗೇನು ಕೆಲಸ?" ಎಂದು ರೈತ ಕೇಳಿದ.

"ನನ್ನ ಹೆಂಡತಿ ಇಲ್ಲಿದ್ದಾಳೆ. ನೋಡಿಕೊಂಡು ಹೋಗೋಣ ಎಂದು ಬಂದೆ."

ರೈತ ಸುತ್ತಲೂ ನೋಡಿದ. ಬೇರೆ ಹೆಂಗಸು ಯಾರೂ ಇರಲಿಲ್ಲ. ಮುದುಕನ ಕೈ ದಿಬ್ಬದ ಮಣ್ಣಿನ ಮೇಲಿತ್ತು. ರೈತ ಬಂದೂಕನ್ನು ಕೆಳಗಿಳಿಸಿದ.

"ಹಾಗಾದರೆ ಇದನ್ನು ಕಟ್ಟಿದವರು ನಿಮ್ಮವರೇ?"

"ಕಟ್ಟಿದ್ದನ್ನು ನಾನು ಕಂಡಿಲ್ಲ. ನನ್ನ ಅಜ್ಜನ ಕಾಲದಲ್ಲೂ ಹೀಗೇ ಇತ್ತಂತೆ. ನಮ್ಮಲ್ಲಿ ತೀರಿಹೋದವರನ್ನು ಇಲ್ಲಿ ಮಲಗಿಸುತ್ತ ಬಂದೆವು."

"ಕಟ್ಟಿದವರು ಯಾರೆಂದು ಗೊತ್ತಿಲ್ಲದೆ ಇದು ನಿನ್ನದು ಎಂದು ಹೇಗೆ ಹೇಳುತ್ತೀ?"

ಮುದುಕ ಅವನ ಮುಖ ನೋಡಿದ. "ನನ್ನದು ಎಂದೆನೇ? ನನ್ನ ಹೆಂಡತಿ ಇಲ್ಲಿದ್ದಾಳೆ ಎಂದೆ."

ರೈತ ಮನೆಗೆ ಬಂದು ಹೆಂಡತಿಗೆ ಹೇಳಿದ. ಆಕೆ ರೊಟ್ಟಿ, ಬೇಯಿಸಿದ ಕುಂಬಳಕಾಯಿ ತೆಗೆದುಕೊಂಡು ದಿಬ್ಬದ ಕಡೆಗೆ ಹೋದಳು. ತುಂಬ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿದ್ದವು. ಮುದುಕನ ಹೆಂಡತಿ ತೀರಿಕೊಂಡದ್ದು ಒಂದು ಚಳಿಗಾಲದಲ್ಲಂತೆ. ಹಿಮ ಕರಗುವ ಹೊತ್ತಿಗೆ ಸೈನಿಕರು ಬಂದರಂತೆ. ಒಮ್ಮೆ ನೋಡಿ ಬರುತ್ತೇನೆ ಎಂದು ಮುದುಕ ಹಟ ಹಿಡಿದದ್ದಕ್ಕೆ ಮಗಳು ಅಷ್ಟು ದೂರದಿಂದ ಕರೆದುಕೊಂಡು ಬಂದಿದ್ದಳು.

"ನೀವು ಅಗೆಯುವುದಕ್ಕೆ ಒಪ್ಪಿದ್ದೀರಲ್ಲ" ಎಂದಳು ಹೆಂಡತಿ. "ನಮ್ಮ ಮಗು ಮಲಗಿರುವ ಕಡೆ ಈಗ ಯಾರಿದ್ದಾರೋ ಏನೋ. ಅಲ್ಲಿಗೆ ಯಾರಾದರೂ ಗುದ್ದಲಿ ತಂದರೆ?"

ಅಂದು ರೈತನಿಗೆ ಊಟ ಸೇರಲಿಲ್ಲ. ಮುದುಕನ ಮೇಲೆ ಕರುಣೆಯಿತ್ತು, ಭಯವೂ ಇತ್ತು. ಇಂದು ಇವನನ್ನು ಕೂರಗೊಟ್ಟರೆ ನಾಳೆ ಇವನ ಕಡೆಯವರೆಲ್ಲ ಬಂದು ಹೊಲ ಕೇಳಿದರೆ ಏನು ಮಾಡುವುದು? ಕೇಳಿದರೆ ತಾನು ಯಾವ ಬಾಯಲ್ಲಿ ಇಲ್ಲ ಎನ್ನುವುದು?

ಪಂಡಿತ ಆಳುಗಳೊಡನೆ ಬಂದ. ಪಾದ್ರಿ, ವ್ಯಾಪಾರಿ, ಮೇಷ್ಟ್ರು ಮೂವರೂ ನೋಡಲು ಬಂದರು. ರೈತ ಹೊಲದ ದಾರಿಗೆ ಅಡ್ಡ ನಿಂತು, ಅಗೆಯುವುದು ಬೇಡ ಎಂದ.

ಪಂಡಿತ ನೊಂದುಕೊಂಡ. "ಒಳಗೆ ಒಂದು ಅಕ್ಷರ ಸಿಕ್ಕರೂ ಸಾಕು, ಈ ನಾಡಿನ ಚರಿತ್ರೆಯೇ ಬದಲಾಗುತ್ತದೆ. ಯೋಚನೆ ಮಾಡಿ."

"ಒಳಗೆ ಒಬ್ಬ ಹೆಂಗಸು ಇದ್ದಾಳೆ. ಆಕೆಯ ಗಂಡ ಅಲ್ಲಿ ಕುಳಿತಿದ್ದಾನೆ. ಬೇಕಾದರೆ ಅವನನ್ನು ಕೇಳಿ" ಎಂದ ರೈತ.

ಪಂಡಿತ ಒಬ್ಬನೇ ದಿಬ್ಬದ ಹತ್ತಿರ ಹೋದ. ಮುದುಕನ ಎದುರು ನಿಂತ. ಟೋಪಿ ತೆಗೆದು ತಲೆ ಬಾಗಿಸಿ, ಹಿಂದಿರುಗಿ ಬಂದು ಆಳುಗಳಿಗೆ ಗಾಡಿ ಹತ್ತಲು ಹೇಳಿದ. ಅವನು ಪುಸ್ತಕ ಬರೆದನೋ ಇಲ್ಲವೋ, ರೈತನಿಗೆ ಸುದ್ದಿ ಬರಲಿಲ್ಲ.

ಉಳಿದ ಮೂವರು ಸಿಟ್ಟಾದರು. ಅಂಗಳಕ್ಕೆ ಬರುವುದನ್ನು ಬಿಟ್ಟರು. ರೈತನಿಗೆ ತಲೆ ಕೆಟ್ಟಿದೆ ಎಂದು ಪೇಟೆಯಲ್ಲಿ ಆಡಿಕೊಂಡರು. ರೈತನಿಗೆ ಮೊದಮೊದಲು ಬೇಸರವಾಯಿತು. ಆಮೇಲೆ ರೂಢಿಯಾಯಿತು.

ಮುದುಕ ಮರುವರ್ಷವೂ ಬಂದ. ಕೊಯ್ಲಿನ ಕಾಲಕ್ಕೆ ನದಿಯಲ್ಲಿ ದೋಣಿ ಕಂಡರೆ ರೈತನ ಹೆಂಡತಿ ಒಲೆಯ ಮೇಲೆ ಇನ್ನೊಂದು ಪಾತ್ರೆ ಇಡುತ್ತಿದ್ದಳು. ಮುದುಕನ ಮಗಳು ಅವಳಿಗೆ ಬೀಜ ತಂದು ಕೊಡುತ್ತಿದ್ದಳು. ಮೆಕ್ಕೆಜೋಳದ ಬುಡದಲ್ಲಿ ಹುರುಳಿಕಾಯಿ ಬಳ್ಳಿ ಹಬ್ಬಿಸುವುದನ್ನು ತೋರಿಸಿಕೊಟ್ಟಳು. ಗಂಡಸರಿಬ್ಬರೂ ಒಟ್ಟಿಗೆ ಕುಳಿತು ಹೊಗೆಸೊಪ್ಪು ಸೇದುತ್ತಿದ್ದರು. ಹೊಲವನ್ನು ಮುದುಕ ಕೇಳಲಿಲ್ಲ, ರೈತ ಕೊಡಲೂ ಇಲ್ಲ. ಇದ್ದದ್ದನ್ನು ಇದ್ದಂತೆ ಹೇಳಬೇಕು, ಈ ಕತೆ ಅಷ್ಟು ದೂರ ಹೋಗುವುದಿಲ್ಲ. ಆದರೆ ದಿಬ್ಬದ ಅಂಚಿಗೆ ನೇಗಿಲು ತಾಗಿಸುವುದನ್ನು ರೈತ ನಿಲ್ಲಿಸಿದ.

ಹೀಗೆ ಬಂದಿದ್ದ ಒಂದು ಸಲ ಮುದುಕ ಮರದ ಬುಡದಲ್ಲೇ ಕಣ್ಣು ಮುಚ್ಚಿದ. ಮಗಳು ಅಳುತ್ತ ಬಂದು ಬಾಗಿಲು ತಟ್ಟಿದಳು. ಹೆಂಡತಿಯ ಪಕ್ಕದಲ್ಲಿ ಅವನಿಗೆ ರೈತನೇ ಗುಂಡಿ ತೋಡಿದ. ಮಗಳು ತಮ್ಮ ಭಾಷೆಯಲ್ಲಿ ಏನೋ ಹಾಡಿದಳು. ಅರ್ಥವಾಗದಿದ್ದರೂ ರೈತನ ಹೆಂಡತಿ ಅವಳ ಹೆಗಲ ಮೇಲೆ ಕೈಯಿಟ್ಟು ಕೊನೆಯವರೆಗೂ ಕೇಳಿದಳು. ಮುದುಕನ ಮಗಳು ಮಾರನೆಯ ವರ್ಷ ತನ್ನ ಮಕ್ಕಳನ್ನು ಕರೆದುಕೊಂಡು ಬಂದಳು. ಮಕ್ಕಳು ದಿಬ್ಬ ಹತ್ತಿ ಇಳಿದು ಆಡಿದರು. ರೈತ ಜಗಲಿಯಲ್ಲಿ ಕುಳಿತು ಅವರ ಕೂಗಾಟ ಕೇಳುತ್ತಿದ್ದ. ಬಹಳ ಕಾಲದ ಮೇಲೆ ಅವನ ಕಿವಿಗೆ ಮಕ್ಕಳ ದನಿ ಬಿದ್ದಿತ್ತು.

ಗುರುಗಳು ಕತೆ ನಿಲ್ಲಿಸಿ ಮೊರದಲ್ಲಿನ ಸಿಪ್ಪೆ ತೆಗೆದರು.

"ಬುದ್ಧಿ, ದಿಬ್ಬವನ್ನು ನಿಜವಾಗಿ ಕಟ್ಟಿದವರು ಯಾರು?" ಎಂದು ಗುರುಪಾದ ಕೇಳಿದ.

"ಅಲ್ಲಿನ ಜನರ ಪೂರ್ವಿಕರೇ. ಅಂಥ ದಿಬ್ಬಗಳು ಆ ನಾಡಿನಲ್ಲಿ ಬೇಕಾದಷ್ಟಿವೆ. ತಲೆಮಾರುಗಟ್ಟಲೆ ವಾದ ಮಾಡಿದ ಮೇಲೆ ಪಂಡಿತರು ಹೇಳಿದ್ದೂ ಅದನ್ನೇ."

ಗುರುಪಾದನಿಗೆ ಇನ್ನೂ ಸಮಾಧಾನವಾಗಲಿಲ್ಲ. "ಅದು ಸರಿ. ಆದರೆ ನಮ್ಮವರು ಅಲ್ಲಿಗೆ ಹೋಗಿದ್ದರೋ ಇಲ್ಲವೋ? ಅದನ್ನು ತಾವು ಹೇಳಲಿಲ್ಲ."

ಗುರುಗಳು ನಕ್ಕರು.

"ಹೋಗಿದ್ದರು ಎಂದೇ ಇಟ್ಟುಕೊ ಮಗು, ದಡದಲ್ಲಿ ನಿಂತು ಅವರ ಹಡಗಿನ ಹಗ್ಗ ಹಿಡಿದುಕೊಂಡವರು ಯಾರು?"

ಗುರುಪಾದ ಮೊರದಿಂದ ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡ.