ಎರಡು ಬಾದಾಮಿಯ ಎಣ್ಣೆ

“ಗುರುಗಳೇ, ಮಡಿವಾಳಯ್ಯನೂ ನಾನೂ ಒಂದೇ ದಿನ ಮಠಕ್ಕೆ ಬಂದವರು. ಅವನು ಬಾಯಿ ತೆರೆದರೆ ಜನ ಮುತ್ತಿಕೊಳ್ಳುತ್ತಾರೆ. ನನ್ನ ಹತ್ತಿರ ಬರುವವರು ಬೆರಳೆಣಿಕೆಯಷ್ಟು. ನನ್ನಲ್ಲೇನು ಕೊರತೆ?” ಎಂದು ಗುರುಪಾದ ಕೇಳಿದ. ಕೆಲವು ದಿನಗಳಿಂದ ಅವನು ಮಡಿವಾಳಯ್ಯನ ಧಾಟಿಯಲ್ಲೇ ಮಾತಾಡಲು ಶುರುಮಾಡಿದ್ದ. ಅದು ಗುರುಗಳ ಕಿವಿಗೂ ಬಿದ್ದಿತ್ತು.

“ಹೊಟ್ಟೆಕಿಚ್ಚಿಗಂತೂ ಕೊರತೆ ಕಾಣುವುದಿಲ್ಲ. ಕೂತುಕೋ” ಎಂದು ಗುರುಗಳು ಹೇಳತೊಡಗಿದರು.

ಹಿಮ ಬೀಳುವ ನಾಡಿನಲ್ಲಿ ಇಬ್ಬರು ಗಾಣಿಗರು ಅಕ್ಕಪಕ್ಕದಲ್ಲಿದ್ದರು. ಬಾದಾಮಿ ಎಣ್ಣೆ ತೆಗೆಯುವುದು ಇಬ್ಬರ ಕಸುಬು. ಒಬ್ಬನ ತೋಟದ್ದು ಗಟ್ಟಿ ಸಿಪ್ಪೆಯ ಸಣ್ಣ ಬಾದಾಮಿ, ಅವನ ನೆರೆಯವನದು ತೆಳು ಸಿಪ್ಪೆಯ ದಪ್ಪ ಬಾದಾಮಿ. ಒಂದೇ ತೂಕದ ಬೀಜ ಗಾಣಕ್ಕೆ ಹಾಕಿದರೂ ನೆರೆಯವನ ಜಾಡಿ ತುಂಬುತ್ತಿತ್ತು, ಇವನದು ಕುತ್ತಿಗೆಯವರೆಗೂ ಬರುತ್ತಿರಲಿಲ್ಲ. ಗುಡ್ಡದಾಚೆಯ ಊರಿನ ವೈದ್ಯ ನೆರೆಯವನ ಬಳಿಗೆ ವಾರವಾರವೂ ಬರುತ್ತಿದ್ದ. ಇವನ ಬಳಿಗೆ ವರ್ಷಕ್ಕೊಮ್ಮೆ, ಹಿಮ ಬೀಳುವ ಮುಂಚೆ ಬಂದು ಒಂದು ದೊಡ್ಡ ಜಾಡಿ ಒಯ್ಯುತ್ತಿದ್ದ. ಕನಿಕರಕ್ಕೆ ಕೊಳ್ಳುತ್ತಾನೆ ಎಂದುಕೊಂಡು ಇವನು ಒಳಗೊಳಗೇ ಕುದಿಯುತ್ತಿದ್ದ. ಪಕ್ಕದ ಗಾಣ ಕಿರುಗುಟ್ಟಿದರೆ ಇವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಒಂದು ವರ್ಷ ಇವನು ದೂರದ ಸಂತೆಯಿಂದ ದಪ್ಪ ಬಾದಾಮಿ ತಂದು ಗುಟ್ಟಾಗಿ ಗಾಣಕ್ಕೆ ಹಾಕಿದ. ಆ ಎಣ್ಣೆಯನ್ನೇ ವೈದ್ಯನ ಜಾಡಿಗೆ ತುಂಬಿದ. ಇನ್ನು ಮೇಲೆ ನನ್ನ ಮನೆಗೂ ವಾರವಾರ ಬರುತ್ತಾನೆ ಎಂದು ಅವನ ಆಸೆ.

ಹಿಮ ಬಿತ್ತು, ದಾರಿ ಮುಚ್ಚಿತು. ತಿಂಗಳುಗಳ ಮೇಲೆ ದಾರಿ ತೆರೆದಾಗ ವೈದ್ಯ ಅದೇ ಜಾಡಿಯನ್ನು ಹೊತ್ತು ತಂದು ಇವನ ಅಂಗಳದಲ್ಲಿಟ್ಟ. ಮುಚ್ಚಳ ತೆಗೆದರೆ ಕಮಟು ವಾಸನೆ.

“ಚಳಿಗೆ ಮೈ ಒಡೆದ ಕೂಸುಗಳಿಗೆ ಹಚ್ಚಲು ನನ್ನ ಬಳಿ ಒಂದು ಹನಿ ಇರಲಿಲ್ಲ. ಅವುಗಳ ಅಳು ಕೇಳುತ್ತ ಕೂತೆ. ನೆರೆಯವನ ಎಣ್ಣೆ ಬೇಗ ಕೆಡುತ್ತದೆ, ಅದಕ್ಕೇ ವಾರವಾರ ತರುತ್ತೇನೆ. ನಿನ್ನದರ ಜಿಡ್ಡೇ ಬೇರೆ, ವರ್ಷವಿಟ್ಟರೂ ಕೆಡುವುದಿಲ್ಲ. ಈ ಸಲ ಏನು ಮಾಡಿದೆಯಪ್ಪ?” ಎಂದು ವೈದ್ಯ ಕೇಳಿದ.

ವೈದ್ಯ ಮತ್ತೆ ಆ ಗಾಣಿಗನ ಮನೆಯ ಮೆಟ್ಟಿಲು ಹತ್ತಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಗುರುಪಾದನ ಮುಖ ಅರಳಿತು. “ಹಾಗಾದರೆ ಮಡಿವಾಳಯ್ಯನದಕ್ಕಿಂತ ನನ್ನ ಎಣ್ಣೆಯೇ ಮೇಲು ಎಂದಾಯಿತು” ಎಂದ.

ಗುರುಗಳು ಅವನನ್ನೇ ನೋಡಿ ಹೇಳಿದರು: “ಮೊನ್ನೆ ಮಡಿವಾಳಯ್ಯ ನಿನ್ನನ್ನು ಕಂಡು ಕರುಬಿ ಬಂದಿದ್ದ, ಇದೇ ಕತೆ ಕೇಳಿ ಅವನೂ ತನ್ನ ಎಣ್ಣೆಯೇ ಮೇಲು ಅಂದ.”